ನಡೆದದ್ದೆಲ್ಲ ಜೋಳಕ್ಕಾಗಿ: ಜಾನ್ ಸ್ಮಿತ್ ಮತ್ತು ಜೇಮ್ಸ್‌ಟೌನ್

ಐದು ಜನಕ್ಕೆ ಇಡೀ ದಿನಕ್ಕೆ ಒಂದು ಸಣ್ಣ ಪಾತ್ರೆ ಬಾರ್ಲಿ ಗಂಜಿ. ಕುಡಿಯಲು ಹೊಳೆಯ ನೀರು. ಉಬ್ಬರದ ಹೊತ್ತಿಗೆ ಆ ನೀರು ಉಪ್ಪು, ಇಳಿತದ ಹೊತ್ತಿಗೆ ಬರೀ ಕೆಸರು. 1607ರ ಬೇಸಿಗೆಯಲ್ಲಿ ಅಮೆರಿಕದ ಜೇಮ್ಸ್‌ಟೌನ್ ಕೋಟೆಯೊಳಗೆ ಇಂಗ್ಲಿಷರು ಹೀಗೆ ದಿನ ದೂಡುತ್ತಿದ್ದರು. ಅವರಲ್ಲಿ ಒಬ್ಬನಾದ ಜಾರ್ಜ್ ಪರ್ಸಿ ಇದನ್ನೆಲ್ಲ ಬರೆದಿಟ್ಟಿದ್ದಾನೆ. ಮೇ ತಿಂಗಳಲ್ಲಿ ಅಲ್ಲಿ ಇಳಿದವರು 104 ಗಂಡಸರು ಮತ್ತು ಹುಡುಗರು. ಮುಂದಿನ ಜನವರಿಗೆ ಬದುಕಿ ಉಳಿದವರು 38 ಮಂದಿ.

ಇಂಗ್ಲಿಷರು ಅಮೆರಿಕದಲ್ಲಿ ಕಟ್ಟಿ, ಕೈಬಿಡದೆ ಉಳಿಸಿಕೊಂಡ ಮೊದಲ ನೆಲೆ ಇದು. ಅದು ಉಳಿಯಲು ದುಡಿದವರಲ್ಲಿ ಕ್ಯಾಪ್ಟನ್ ಜಾನ್ ಸ್ಮಿತ್ ಮುಖ್ಯ. ಅವನ ಹೆಸರು ಕೇಳಿದರೆ ಹೆಚ್ಚಿನವರಿಗೆ ನೆನಪಾಗುವುದು ಪೋಕಹಾಂಟಸ್ ಕತೆ. ಅವನ ತಲೆ ಒಡೆಯಲು ಗದೆ ಎತ್ತಿದಾಗ ರಾಜನ ಮಗಳು ಅಡ್ಡ ಬಿದ್ದು ಉಳಿಸಿದಳು ಎಂಬ ಕತೆ. ಅದಕ್ಕೆ ಆಮೇಲೆ ಬರೋಣ. ಜೇಮ್ಸ್‌ಟೌನ್ ಅರ್ಥವಾಗಬೇಕಾದರೆ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ: ಅಲ್ಲಿ ಊಟ ಎಲ್ಲಿಂದ ಬರುತ್ತಿತ್ತು? ಆ ಹೊಳೆಯ ದಡದಲ್ಲಿ ನಡೆದ ಸ್ನೇಹ, ಮೋಸ, ಜಗಳ, ಕೊಲೆ ಎಲ್ಲವೂ ಸುತ್ತಿ ಸುತ್ತಿ ಜೋಳದ ಬುಟ್ಟಿಗೇ ಬಂದು ನಿಲ್ಲುತ್ತವೆ.

ಜೋಳ ಅಂದರೆ ಇಲ್ಲಿ ನಮ್ಮ ರೊಟ್ಟಿಯ ಬಿಳಿ ಜೋಳ ಅಲ್ಲ, ಮೆಕ್ಕೆಜೋಳ. ಅಮೆರಿಕದ ಮೂಲ ಜನ ಸಾವಿರಾರು ವರ್ಷ ಬೆಳೆದು ಪಳಗಿಸಿದ ಬೆಳೆ. ಇವತ್ತು ದಾವಣಗೆರೆ, ಹಾವೇರಿಯ ಹೊಲಗಳಲ್ಲಿ ನಿಂತಿರುವುದೂ ಅದೇ.

ಜೇಮ್ಸ್‌ಟೌನನ್ನು ರಾಜ ಕಟ್ಟಿಸಲಿಲ್ಲ. ಅದು ಕಂಪನಿಯ ಊರು. 1606ರ ಏಪ್ರಿಲ್‌ನಲ್ಲಿ ರಾಜ ಒಂದನೇ ಜೇಮ್ಸ್ ಪರವಾನಗಿ ಕೊಟ್ಟ. ಲಂಡನ್‌ನ ಹಣವಂತರು ಹಣ ಹೂಡಿ ವರ್ಜೀನಿಯಾ ಕಂಪನಿ ನಡೆಸಿದರು. ಈಸ್ಟ್ ಇಂಡಿಯಾ ಕಂಪನಿ ನಮಗೆ ಚೆನ್ನಾಗಿ ಗೊತ್ತು. ಅದು ಹುಟ್ಟಿದ್ದು 1600ರಲ್ಲಿ. ಅದರ ಮೊದಲ ಗವರ್ನರ್ ಸರ್ ಥಾಮಸ್ ಸ್ಮಿತ್ ಎಂಬ ವ್ಯಾಪಾರಿ. ಮುಂದೆ 1609ರಿಂದ ವರ್ಜೀನಿಯಾ ಕಂಪನಿಯ ಖಜಾಂಚಿಯಾಗಿ ಅದನ್ನು ನಡೆಸಿದವನೂ ಇವನೇ. ನಮ್ಮ ಕಡೆ ಮೆಣಸಿಗಾಗಿ ಹಡಗು ಕಳಿಸಿದ ಲಂಡನ್‌ನ ಅದೇ ವ್ಯಾಪಾರಿ ಬಳಗ ಆ ಕಡೆ ಚಿನ್ನಕ್ಕಾಗಿ ಹಡಗು ಕಳಿಸಿತು.

ಕಂಪನಿಗೆ ಬೇಕಾಗಿದ್ದು ಬೇಗ ಬರುವ ಲಾಭ. ಚಿನ್ನ ಸಿಗಬೇಕು. ಇಲ್ಲವೇ ಪಶ್ಚಿಮದ ಸಮುದ್ರ ದಾಟಿ ಏಷ್ಯಾಕ್ಕೆ ಹೋಗುವ ದಾರಿ ಸಿಗಬೇಕು. ಬೇಸಾಯ ಯಾರ ತಲೆಯಲ್ಲೂ ಇರಲಿಲ್ಲ. ಹಡಗು ಸ್ವಲ್ಪ ದಿನಸಿ ತರುತ್ತದೆ, ಉಳಿದದ್ದನ್ನು ಸ್ಥಳೀಯರಿಂದ ಮಣಿ, ತಾಮ್ರ ಕೊಟ್ಟು ಕೊಂಡರಾಯಿತು. ಲೆಕ್ಕ ಇಷ್ಟೇ ಇತ್ತು. ಹೋದವರಿಗೆ ಸ್ವಂತ ಜಮೀನಿಲ್ಲ. ದುಡಿದದ್ದೆಲ್ಲ ಕಂಪನಿಗೆ, ಊಟ ಎಲ್ಲರಿಗೂ ಒಂದೇ ಉಗ್ರಾಣದಿಂದ. ಬೆವರು ಸುರಿಸಿದವನಿಗೂ ಸುಮ್ನೆ ಕೂತವನಿಗೂ ಒಂದೇ ಪಾಲು. ಇಂಥ ಕಡೆ ಯಾರಿಗೆ ತಾನೇ ಗುದ್ದಲಿ ಹಿಡಿಯುವ ಮನಸ್ಸಾಗುತ್ತದೆ?

ಹೋದವರಲ್ಲಿ ಸುಮಾರು ಅರ್ಧದಷ್ಟು ಜನ ಕೈಕೆಸರು ಮಾಡಿಕೊಂಡು ಗೊತ್ತಿಲ್ಲದ ದೊಡ್ಡ ಮನೆತನದವರು. 1608ರ ಆರಂಭದಲ್ಲಿ ಬಂದ ಎರಡನೇ ತಂಡದಲ್ಲಿ ಅಕ್ಕಸಾಲಿಗರಿದ್ದರು, ಚಿನ್ನ ಶುದ್ಧ ಮಾಡುವವರಿದ್ದರು, ಒಬ್ಬ ಅತ್ತರಿನವನೂ ಇದ್ದ. ಆಗ ಕೋಟೆಯಲ್ಲಿ ಚಿನ್ನದ್ದೇ ಮಾತು, ಚಿನ್ನದ್ದೇ ಅಗೆತ ಎಂದು ಸ್ಮಿತ್ ಕೋಪದಿಂದ ಬರೆಯುತ್ತಾನೆ. ಕೊನೆಗೆ ಹಡಗಿಗೆ ತುಂಬಿ ಲಂಡನ್‌ಗೆ ಕಳಿಸಿದ್ದು ಹೊಳೆಯುವ ಮಣ್ಣು ಮಾತ್ರ. ಅದರಲ್ಲಿ ಚಿನ್ನ ಇರಲಿಲ್ಲ.

ಜಾಗದ ಆಯ್ಕೆಯೂ ಹಾಗೇ. ಸ್ಪೇನಿನವರ ಭಯದಿಂದ ಸಮುದ್ರದಿಂದ ಒಳಗೆ, ಹೊಳೆಯ ಮೇಲ್ಭಾಗಕ್ಕೆ ಹೋದರು. ದಡದ ಪಕ್ಕದಲ್ಲೇ ನೀರು ಆಳ. ಹಡಗನ್ನು ಮರಕ್ಕೇ ಕಟ್ಟಬಹುದು. ಕಾವಲಿಗೆ ಒಳ್ಳೆಯ ಜಾಗ, ಬದುಕಲು ಕೆಟ್ಟ ಜಾಗ. ಸುತ್ತ ಜೌಗು, ಸೊಳ್ಳೆ. ಬೇಸಿಗೆಯಲ್ಲಿ ಹೊಳೆಯ ಹರಿವು ಇಳಿದಾಗ ಸಮುದ್ರದ ಉಪ್ಪುನೀರು ಮೇಲೇರಿ ಬರುತ್ತದೆ. ಆ ನೀರು ಕುಡಿದು ರಕ್ತಭೇದಿ, ವಿಷಮಜ್ವರ ಬಂದು ಜನ ಸತ್ತರು. ಅಲ್ಲಿ ಸ್ಥಳೀಯರ ಊರು ಇರಲಿಲ್ಲ. ಯಾಕಿರಲಿಲ್ಲ ಎಂದು ಬಂದವರು ಯೋಚಿಸಲಿಲ್ಲ.

ಇದರ ಮೇಲೆ ಯಾರ ಕಣ್ಣಿಗೂ ಕಾಣದ ಇನ್ನೊಂದು ಪೆಟ್ಟು ಬಿದ್ದಿತ್ತು. ಆ ಸೀಮೆಯ ಹಳೆಯ ಸೈಪ್ರೆಸ್ ಮರಗಳ ಉಂಗುರಗಳನ್ನು ವಿಜ್ಞಾನಿಗಳು ಅಳೆದು 1998ರಲ್ಲಿ ಫಲಿತಾಂಶ ಪ್ರಕಟಿಸಿದರು. ಮಳೆ ಚೆನ್ನಾಗಿ ಬಂದ ವರ್ಷ ಮರದ ಉಂಗುರ ದಪ್ಪ, ಬರಗಾಲದಲ್ಲಿ ತೆಳು. ಆ ಲೆಕ್ಕದಲ್ಲಿ 1606ರಿಂದ 1612ರವರೆಗಿನ ಏಳು ವರ್ಷ 770 ವರ್ಷಗಳಲ್ಲೇ ಅತ್ಯಂತ ಒಣ ಕಾಲ. ಇಂಗ್ಲಿಷರು ಜೋಳ ಕೇಳಲು ಬಂದದ್ದು ಸರಿಯಾಗಿ ಆ ಬರಗಾಲದ ನಡುವೆ. ಬರ ಅಂದರೆ ಏನು ಅಂತ ಕಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ತನ್ನ ಮನೆಯ ಕಣಜವೇ ತಳ ಕಂಡಿರುವಾಗ ಬಂದವರಿಗೆಲ್ಲ ಎಷ್ಟು ದಿನ ಅಳೆದು ಕೊಡಲು ಆಗುತ್ತದೆ?

ಆ ಕಣಜ ಯಾರದು? ಅದು ಸೆನಕೊಮಾಕಾ ಎಂಬ ನಾಡು. ಸುಮಾರು 30 ಬುಡಕಟ್ಟುಗಳು ಒಬ್ಬ ಹಿರಿಯ ಒಡೆಯನಿಗೆ ಕಪ್ಪ ಕೊಡುತ್ತಿದ್ದವು. ಅವನ ಹೆಸರು ವಾಹುನ್‌ಸೆನಕಾ. ಇಂಗ್ಲಿಷರು ಅವನನ್ನು ಪೌಹಾಟನ್ ಎಂದು ಕರೆದರು. ಗಂಡಸರು ಬೇಟೆ, ಮೀನುಗಾರಿಕೆ ನೋಡಿಕೊಳ್ಳುತ್ತಿದ್ದರು. ಬಿತ್ತುವುದು, ಕಳೆ ಕೀಳುವುದು, ಕೊಯ್ಯುವುದು, ಕುಟ್ಟುವುದು ಹೆಂಗಸರ ಕೆಲಸ. ಜೋಳದ ಪಕ್ಕ ಅವರೆಯಂಥ ಕಾಳು, ಕುಂಬಳ ಬಿತ್ತುತ್ತಿದ್ದರು. ಇಡೀ ಇತಿಹಾಸದಲ್ಲಿ ಗಂಡಸರ ಹೆಸರುಗಳೇ ಕೇಳುತ್ತವೆ. ಆದರೆ ಆ ಗಂಡಸರು ಚೌಕಾಸಿ ಮಾಡಿದ, ಕಿತ್ತುಕೊಂಡ, ಸುಟ್ಟ ಜೋಳದ ಒಂದೊಂದು ಕಾಳೂ ಈ ಹೆಂಗಸರ ಕೈಯಿಂದ ಬಂದದ್ದು. ಇದನ್ನು ಮರೆತರೆ ಕತೆ ಅರ್ಧವೇ.

ಇನ್ನು ಸ್ಮಿತ್. ಇಂಗ್ಲೆಂಡಿನ ಲಿಂಕನ್‌ಶೈರ್‌ನ ವಿಲ್ಲೋಬಿ ಎಂಬ ಹಳ್ಳಿಯ ರೈತನ ಮಗ. 1580ರ ಜನವರಿಯಲ್ಲಿ ನಾಮಕರಣವಾಯಿತು. ಅಪ್ಪ ಅವನನ್ನು ಒಬ್ಬ ವ್ಯಾಪಾರಿಯ ಬಳಿ ಕೆಲಸ ಕಲಿಯಲು ಬಿಟ್ಟಿದ್ದ. ಅಪ್ಪ ತೀರಿಕೊಂಡ ಮೇಲೆ ಹುಡುಗ ಸೈನಿಕನಾಗಲು ಹೊರಟ. ಡಚ್ಚರ ಪರವಾಗಿ ಹೋರಾಡಿದ. ಆಮೇಲೆ ಪೂರ್ವ ಯೂರೋಪಿನಲ್ಲಿ ತುರ್ಕರ ವಿರುದ್ಧ ಹೋರಾಡಿದ. ಮೂರು ತುರ್ಕ ಯೋಧರನ್ನು ಒಬ್ಬೊಬ್ಬರಾಗಿ ಎದುರಿಸಿ ಕೊಂದೆ ಎಂದು ಬರೆದುಕೊಂಡಿದ್ದಾನೆ. 1602ರಲ್ಲಿ ಸೆರೆ ಸಿಕ್ಕಿ ಗುಲಾಮನಾಗಿ ಮಾರಾಟವಾದ. ಒಡೆಯನನ್ನು ಕೊಂದು ರಷ್ಯಾದ ದಾರಿಯಲ್ಲಿ ತಪ್ಪಿಸಿಕೊಂಡು ಬಂದ. ಇದೆಲ್ಲ ಅವನೇ ಹೇಳಿದ ಕತೆ. ಉತ್ಪ್ರೇಕ್ಷೆ ಇರಬಹುದು. ಆದರೆ ಬೇರೆ ಬೇರೆ ಭಾಷೆಯ ಜನರ ನಡುವೆ, ಹಸಿವಿನಲ್ಲಿ, ಪರರ ಕೈಕೆಳಗೆ ಬದುಕಿ ಬಂದ ಅನುಭವ ಆ ಕೋಟೆಯ ದೊಡ್ಡ ಮನೆತನದವರಿಗೆ ಇರಲಿಲ್ಲ, ಇವನಿಗಿತ್ತು.

ಅವರಿಗೂ ಇವನಿಗೂ ಮೊದಲಿಂದಲೂ ಆಗಲಿಲ್ಲ. 1606ರ ಡಿಸೆಂಬರ್‌ನಲ್ಲಿ ಮೂರು ಹಡಗುಗಳು ಹೊರಟವು. ದಾರಿಯಲ್ಲೇ ದಂಗೆಯ ಆರೋಪ ಹೊರಿಸಿ ಸ್ಮಿತ್‌ನನ್ನು ಬಂಧನದಲ್ಲಿಟ್ಟರು. 1607ರ ಏಪ್ರಿಲ್ 26ರಂದು ವರ್ಜೀನಿಯಾದ ದಡ ಮುಟ್ಟಿದ ಮೇಲೆ ಕಂಪನಿಯ ಮುಚ್ಚಿದ ಪೆಟ್ಟಿಗೆ ತೆರೆದರು. ಊರು ಆಳಬೇಕಾದ ಏಳು ಜನರ ಪಟ್ಟಿ ಅದರಲ್ಲಿತ್ತು. ಬಂಧನದಲ್ಲಿದ್ದ ಸ್ಮಿತ್ ಹೆಸರೂ ಅದರಲ್ಲಿತ್ತು!

1607ರ ಡಿಸೆಂಬರ್‌ನಲ್ಲಿ ಸ್ಮಿತ್ ಚಿಕಹಾಮಿನಿ ಹೊಳೆಯ ಮೇಲ್ಭಾಗಕ್ಕೆ ಹೋದಾಗ ಸೆರೆ ಸಿಕ್ಕ. ಜೊತೆಗಿದ್ದವರು ಸತ್ತರು. ಹಿಡಿದವನು ಪೌಹಾಟನ್‌ನ ಹತ್ತಿರದ ಬಂಧು ಒಪೆಚಂಕನೊ. ಸ್ಮಿತ್ ಜೇಬಿನಿಂದ ದಿಕ್ಸೂಚಿ ತೆಗೆದು ತೋರಿಸಿದ. ಗಾಜಿನೊಳಗೆ ಆಡುವ ಮುಳ್ಳು ಕಾಣುತ್ತದೆ, ಮುಟ್ಟಲು ಆಗುವುದಿಲ್ಲ. ಅದನ್ನು ನೋಡಿ ಅವರು ಬೆರಗಾದರು ಎನ್ನುತ್ತಾನೆ. ಕೆಲವು ವಾರ ಊರೂರು ಸುತ್ತಿಸಿ ಕೊನೆಗೆ ಪೌಹಾಟನ್‌ನ ಮುಖ್ಯ ಊರಾದ ವೆರೊವೊಕೊಮೊಕೊದಲ್ಲಿ ಅವನ ಮುಂದೆ ನಿಲ್ಲಿಸಿದರು.

ಪೋಕಹಾಂಟಸ್ ಕತೆ ಬರುವುದು ಇಲ್ಲಿ. ಆಗ ಅವಳಿಗೆ ಸುಮಾರು 11 ವರ್ಷ. ಅವಳು ಚಿಕ್ಕ ಹುಡುಗಿ, ಪ್ರೇಮಕತೆಯ ಮಾತೇ ಇಲ್ಲ. 1608ರಲ್ಲಿ ಸ್ಮಿತ್ ಬರೆದ ವರದಿಯಲ್ಲಿ ತಲೆ ಉಳಿಸಿದ ಪ್ರಸಂಗವೇ ಇಲ್ಲ. ಪೌಹಾಟನ್ ಚೆನ್ನಾಗಿ ನೋಡಿಕೊಂಡ, ಊಟ ಹಾಕಿದ, ಮಾತಾಡಿದ ಎಂದಷ್ಟೇ ಇದೆ. ಉಳಿಸಿದ ಕತೆ ವಿಸ್ತಾರವಾಗಿ ಬರುವುದು 1624ರ ಪುಸ್ತಕದಲ್ಲಿ. ಅಷ್ಟರಲ್ಲಿ ಪೋಕಹಾಂಟಸ್ ಇಂಗ್ಲೆಂಡಿನಲ್ಲಿ ಹೆಸರಾಗಿ, ತೀರಿಕೊಂಡೂ ಆಗಿತ್ತು. ಕೆಲವು ಇತಿಹಾಸಕಾರರು ಅದು ಹುಟ್ಟಿಸಿದ ಕತೆ ಎನ್ನುತ್ತಾರೆ. ಇನ್ನು ಕೆಲವರು ಅದು ಅವನನ್ನು ತಮ್ಮವನನ್ನಾಗಿ ಮಾಡಿಕೊಳ್ಳುವ ಆಚರಣೆ ಇರಬೇಕು, ಸ್ಮಿತ್‌ಗೆ ಅರ್ಥವಾಗಲಿಲ್ಲ ಎನ್ನುತ್ತಾರೆ.

ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಬಿಡುವಾಗ ಪೌಹಾಟನ್ ಇಟ್ಟ ಷರತ್ತು. ಎರಡು ದೊಡ್ಡ ಫಿರಂಗಿ, ಒಂದು ಸಾಣೆಕಲ್ಲು ಕಳಿಸು. ನಿನಗೆ ಕಪಹೊಸಿಕ್ ಎಂಬ ಪ್ರದೇಶ ಕೊಡುತ್ತೇನೆ, ಮಗನಂತೆ ನೋಡಿಕೊಳ್ಳುತ್ತೇನೆ. ಅಂದರೆ ಏನು? ಈ ಹೊಸಬರು ಇನ್ನೊಂದು ಬುಡಕಟ್ಟಾಗಿ ತನ್ನ ಕೆಳಗೆ ಇರಲಿ. ತಾಮ್ರ, ಕಬ್ಬಿಣ, ಆಯುಧ ಕೊಡಲಿ. ತಾನು ಜೋಳ ಕೊಟ್ಟು ಸಾಕುತ್ತೇನೆ. ಅವನ ದೃಷ್ಟಿಯಲ್ಲಿ ಇದು ನ್ಯಾಯವಾದ ಲೆಕ್ಕವೇ. ಅವನ 30 ಬುಡಕಟ್ಟುಗಳೂ ಹಾಗೇ ಇದ್ದವು. ಇತ್ತ ಇಂಗ್ಲಿಷರ ಮನಸ್ಸಿನಲ್ಲಿ ಇದ್ದದ್ದು ಪೂರ್ತಿ ಉಲ್ಟಾ. ಪೌಹಾಟನ್ ತಮ್ಮ ರಾಜ ಜೇಮ್ಸ್‌ನ ಕೆಳಗಿನ ಒಡೆಯನಾಗಬೇಕು. 1608ರ ಶರತ್ಕಾಲದಲ್ಲಿ ಕಂಪನಿಯ ಮಾತಿನಂತೆ ಅದರ ಹಡಗುಗಳ ಕ್ಯಾಪ್ಟನ್ ನ್ಯೂಪೋರ್ಟ್ ಅವನಿಗೆ ಕಿರೀಟ ಇಡಲೆಂದೇ ಹೋದ. ಪೌಹಾಟನ್ ಮಂಡಿಯೂರಲು ಒಪ್ಪಲಿಲ್ಲ. ಭುಜ ಒತ್ತಿ ಸ್ವಲ್ಪ ಬಗ್ಗಿಸಿ ಹೇಗೋ ತಲೆಗೆ ತಾಮ್ರದ ಕಿರೀಟ ಇಟ್ಟರು. ಇಬ್ಬರೂ ಇನ್ನೊಬ್ಬನನ್ನು ತನ್ನ ಕೆಳಗಿನವನು ಅಂದುಕೊಂಡಿದ್ದರು. ಮುಂದಿನ ಜಗಳದ ಬೇರು ಇಲ್ಲೇ ಇದೆ.

ಸೆರೆಯಿಂದ ಬಿಡುಗಡೆಯಾಗಿ ಸ್ಮಿತ್ ಕೋಟೆಗೆ ಮರಳಿದ ದಿನವೇ, ಜೊತೆಯವರ ಸಾವಿಗೆ ಅವನೇ ಕಾರಣ ಎಂದು ಗಲ್ಲಿಗೆ ಹಾಕಲು ಹೊರಟಿದ್ದರು. ಅದೇ ಸಂಜೆ ನ್ಯೂಪೋರ್ಟ್‌ನ ಹಡಗು ಬಂದು ಜೀವ ಉಳಿಯಿತು.

ವ್ಯಾಪಾರ ಹೇಗೆ ನಡೆಯುತ್ತಿತ್ತು ನೋಡಿ. ಮೊದಲಿಗೆ ತಾಮ್ರಕ್ಕೆ ಬಹಳ ಬೆಲೆ ಇತ್ತು. ಸಣ್ಣ ತುಂಡಿಗೂ ಒಳ್ಳೆಯ ಜೋಳ ಬರುತ್ತಿತ್ತು. ಆದರೆ ಹಡಗಿನ ನಾವಿಕರು ಕದ್ದುಮುಚ್ಚಿ ಮಾರತೊಡಗಿದರು. ತಾಮ್ರ ಜಾಸ್ತಿಯಾಯಿತು, ಬೆಲೆ ಬಿತ್ತು. ಪೌಹಾಟನ್ ಜಾಣ ವ್ಯಾಪಾರಿ. ನಾನು ಒಡೆಯ, ಚಿಲ್ಲರೆ ಚೌಕಾಸಿ ನನಗೆ ಹೊಂದುವುದಿಲ್ಲ, ನಿಮ್ಮಲ್ಲಿರುವುದನ್ನೆಲ್ಲ ಇಡಿ, ಬೇಕಾದ್ದು ಆರಿಸಿಕೊಂಡು ಬೆಲೆ ಕೊಡುತ್ತೇನೆ ಎಂದ. ನ್ಯೂಪೋರ್ಟ್ ಹಾಗೇ ಮಾಡಿ ಬಹಳ ಕೊಟ್ಟು ಸ್ವಲ್ಪ ಜೋಳ ಪಡೆದ. ಆಗ ಸ್ಮಿತ್ ಕೆಲವು ನೀಲಿ ಮಣಿಗಳನ್ನು ಬೆಳಕಿಗೆ ಹಿಡಿದು ಮಿನುಗಿಸಿದ. ಕೇಳಿದಾಗ, ಇದು ಆಕಾಶದ ಬಣ್ಣದ ಅಪರೂಪದ ವಸ್ತು, ದೊಡ್ಡ ರಾಜರು ಮಾತ್ರ ಧರಿಸುವುದು ಎಂದ. ಒಂದೆರಡು ಪೌಂಡ್ ಮಣಿಗೆ 200–300 ಬುಶೆಲ್ ಜೋಳ ಬಂತು ಎಂದು ಅವನ ಕಡೆಯ ಲೆಕ್ಕ. ಒಂದು ಬುಶೆಲ್ ಅಂದರೆ ಸುಮಾರು 25 ಕಿಲೊ.

ಅದೇ ಸಮಯದಲ್ಲಿ ಎರಡೂ ಕಡೆ ಹುಡುಗರನ್ನು ಅದಲು ಬದಲು ಮಾಡಿಕೊಂಡರು. ಥಾಮಸ್ ಸ್ಯಾವೇಜ್ ಎಂಬ 13ರ ಹುಡುಗ ಪೌಹಾಟನ್ ಬಳಿ ಉಳಿದು ಭಾಷೆ ಕಲಿತ. ಆ ಕಡೆಯ ನಮೊಂಟಾಕ್ ಇಂಗ್ಲೆಂಡ್ ನೋಡಿ ಬಂದ. ಎಳೆಯ ಹುಡುಗರನ್ನು ಹೀಗೆ ಒತ್ತೆಯಂತೆ ಬಿಟ್ಟು ಹೋಗುವುದನ್ನು ಓದಿದಾಗ ಸಂಕಟವಾಗುತ್ತದೆ. ಆದರೂ ಎರಡು ಜನಾಂಗಗಳ ನಡುವೆ ಮಾತು ಹುಟ್ಟಿದ್ದು ಇವರಿಂದಲೇ.

1608ರ ಬೇಸಿಗೆಯಲ್ಲಿ ಸ್ಮಿತ್ ಸುಮಾರು ಹದಿನಾಲ್ಕು ಜನರೊಂದಿಗೆ ತೆರೆದ ದೋಣಿಯಲ್ಲಿ ಚೆಸಪೀಕ್ ಕೊಲ್ಲಿಯನ್ನು ಎರಡು ಸಲ ಸುತ್ತಿದ. ರ‍್ಯಾಪಹ್ಯಾನಕ್ ನದಿಯ ಬಾಯಿಯಲ್ಲಿ ಕತ್ತಿಯಿಂದ ಮೀನು ಚುಚ್ಚಿ ಹಿಡಿಯುವಾಗ ತೊರಕೆ ಮೀನಿನ ಬಾಲದ ಮುಳ್ಳು ಅವನ ಕೈಗೆ ನಾಟಿತು. ಕೈ, ಭುಜ ಊದಿಕೊಂಡವು. ಸಾಯುವುದು ಖಚಿತ ಎಂದು ಗುಂಡಿಯನ್ನೂ ತೋಡಿಸಿದರು. ವೈದ್ಯ ಎಣ್ಣೆ ಹಚ್ಚಿದ. ಸಂಜೆಗೆ ನೋವು ಇಳಿಯಿತು. ರಾತ್ರಿ ಸ್ಮಿತ್ ಅದೇ ಮೀನನ್ನು ತಿಂದ. ಆ ಜಾಗವನ್ನು ಇವತ್ತಿಗೂ ಸ್ಟಿಂಗ್‌ರೇ ಪಾಯಿಂಟ್ ಎನ್ನುತ್ತಾರೆ.

ಈ ಸುತ್ತಾಟದಿಂದ ಬಂದದ್ದು 1612ರಲ್ಲಿ ಅಚ್ಚಾದ ನಕ್ಷೆ. ಸ್ಮಿತ್ ಬಗ್ಗೆ ನನಗೆ ಗೌರವ ಬರುವುದು ಇದನ್ನು ನೋಡಿದಾಗಲೇ. ನಕ್ಷೆಯಲ್ಲಿ ನದಿಗಳ ಮೇಲೆ ಅಲ್ಲಲ್ಲಿ ಸಣ್ಣ ಶಿಲುಬೆ ಗುರುತುಗಳಿವೆ. ಅಲ್ಲಿಯವರೆಗೆ ನಾವು ಕಣ್ಣಾರೆ ಕಂಡದ್ದು, ಅದರಾಚೆ ಸ್ಥಳೀಯರು ಹೇಳಿ ತಿಳಿದದ್ದು ಎಂದು ಅದರ ಅರ್ಥ. ತನಗೆ ಗೊತ್ತಿರುವುದರ ಗಡಿಯನ್ನು ಇಷ್ಟು ಪ್ರಾಮಾಣಿಕವಾಗಿ ಗುರುತಿಸಿದ. ಸುಮಾರು 200 ಸ್ಥಳೀಯ ಊರುಗಳ ಹೆಸರನ್ನೂ ಅದರಲ್ಲಿ ದಾಖಲಿಸಿದ.

1608ರ ಸೆಪ್ಟೆಂಬರ್‌ನಲ್ಲಿ ಅವನೇ ಕೋಟೆಯ ಅಧ್ಯಕ್ಷನಾದ. ದುಡಿಯದವನಿಗೆ ಊಟವಿಲ್ಲ ಎಂದು ಸಾರಿದ. ಬೈಬಲ್‌ನ ಮಾತು ಅದು. ಕಾಯಿಲೆಯವರಿಗೆ ಮಾತ್ರ ವಿನಾಯಿತಿ. ಒಂದೇ ಉಗ್ರಾಣದ ಗಂಟನ್ನು ಅವನು ಬಿಚ್ಚಿದ್ದು ಹೀಗೆ. ಕೋಟೆಯೊಳಗೆ ಸಿಹಿನೀರಿನ ಬಾವಿ ತೋಡಿಸಿದ. 30–40 ಎಕರೆಯಲ್ಲಿ ಜೋಳ ಬಿತ್ತಿಸಿದ. ಹೇಗೆ ಬಿತ್ತಬೇಕೆಂದು ಕಲಿಸಿದವರು ಸೆರೆಯಲ್ಲಿದ್ದ ಇಬ್ಬರು ಸ್ಥಳೀಯರು, ಕೆಂಪ್ಸ್ ಮತ್ತು ಟಸೋರ್. 1609ರ ವಸಂತದಲ್ಲಿ ಉಗ್ರಾಣ ತೆರೆದು ನೋಡಿದರೆ ಜೋಳದಲ್ಲಿ ಅರ್ಧ ಕೊಳೆತಿತ್ತು, ಉಳಿದದ್ದನ್ನು ಹಡಗಿನಿಂದ ಇಳಿದು ಹೆಚ್ಚಿದ ಇಲಿಗಳು ತಿಂದಿದ್ದವು. ಸ್ಮಿತ್ ಜನರನ್ನು ಗುಂಪು ಮಾಡಿ ಹಂಚಿದ. ಒಂದು ಗುಂಪು ಹೊಳೆಯ ಕೆಳಗೆ ಚಿಪ್ಪುಮೀನು ತಿಂದು ಬದುಕಲು ಹೋಯಿತು, ಒಂದು ಕಡಲತೀರದಲ್ಲಿ ಮೀನು ಹಿಡಿಯಲು, ಇನ್ನೊಂದು ಮೇಲಿನ ಜಲಪಾತದ ಕಡೆಗೆ. ಬೇಸಿಗೆಯ ಹಸಿವನ್ನು ಸ್ಥಳೀಯರು ದಾಟುತ್ತಿದ್ದುದೂ ಹೀಗೇ ಚದುರಿ. ಅವನು ಅದನ್ನು ಅವರಿಂದ ಕಲಿತಿದ್ದ.

ಆದರೆ ಈ ಯಶಸ್ಸಿನ ಇನ್ನೊಂದು ಮುಖವನ್ನೂ ಹೇಳಲೇಬೇಕು. 1609ರ ಜನವರಿಯಲ್ಲಿ ಅವನು ಜೋಳಕ್ಕಾಗಿ ಮತ್ತೆ ವೆರೊವೊಕೊಮೊಕೊಗೆ ಹೋದ. ಬರದ ವರ್ಷ. ಪೌಹಾಟನ್ ಕತ್ತಿ, ಕೋವಿ ಕೇಳಿದ. ಪ್ರೀತಿಯಿಂದ ಸಿಗುವುದನ್ನು ಬಲದಿಂದ ಯಾಕೆ ಕಿತ್ತುಕೊಳ್ಳುತ್ತೀರಿ, ಊಟ ಕೊಡುವವರನ್ನೇ ನಾಶ ಮಾಡಿ ನಿಮಗೆ ಸಿಗುವುದೇನು, ನಾವು ಕಾಡಿಗೆ ಓಡಿಹೋದರೆ ನೀವು ಹಸಿದು ಸಾಯುತ್ತೀರಿ ಎಂದು ಆಗ ಅವನು ಹೇಳಿದ ಅರ್ಥದ ಮಾತುಗಳನ್ನು ಸ್ಮಿತ್ ಕಡೆಯವರೇ ದಾಖಲಿಸಿದ್ದಾರೆ. ಅಲ್ಲಿಂದ ಮುಂದೆ ಪಮಂಕಿಯಲ್ಲಿ ಸ್ಮಿತ್, ಒಪೆಚಂಕನೊನ ಜುಟ್ಟು ಹಿಡಿದು, ಎದೆಗೆ ಪಿಸ್ತೂಲು ಇಟ್ಟು, ಅವನ ಜನರ ಎದುರೇ ಜೋಳ ತುಂಬಿಸಿಕೊಂಡ. ಒಬ್ಬ ನಾಯಕನಿಗೆ ಇದಕ್ಕಿಂತ ದೊಡ್ಡ ಅವಮಾನ ಇದೆಯೇ? ಕೋಟೆ ಆ ಚಳಿಗಾಲ ಉಳಿಯಿತು. ಆ ಜೋಳವನ್ನು ಕೊಟ್ಟ ಊರುಗಳ ಮಕ್ಕಳು ಏನು ತಿಂದರು ಎಂದು ಯಾವ ದಾಖಲೆಯೂ ಹೇಳುವುದಿಲ್ಲ. ಸ್ಮಿತ್ ಗಟ್ಟಿ ನಾಯಕ ಎಂದು ನಾನೂ ಒಪ್ಪುತ್ತೇನೆ. ಆದರೆ ಅವನು ಉಳಿಸಿದ ಜೀವಗಳ ಬೆಲೆಯನ್ನು ಬೇರೆಯವರು ತೆತ್ತರು.

1609ರ ಶರತ್ಕಾಲದಲ್ಲಿ ಕೋವಿಮದ್ದಿಗೆ ಬೆಂಕಿ ತಗುಲಿ ಅವನು ತೀವ್ರವಾಗಿ ಸುಟ್ಟುಕೊಂಡ. ಚಿಕಿತ್ಸೆಗೆ ಇಂಗ್ಲೆಂಡಿಗೆ ಹೋದವನು ವರ್ಜೀನಿಯಾಕ್ಕೆ ಮತ್ತೆ ಬರಲಿಲ್ಲ. ಅವನು ಹೋದ ಮೇಲೆ ಪೌಹಾಟನ್ ತಾನು ಹೇಳಿದಂತೆಯೇ ಮಾಡಿದ. ಜೋಳ ನಿಂತಿತು. ಕೋಟೆಯ ಸುತ್ತ ಕಾವಲು ಬಿತ್ತು. ಆ ಚಳಿಗಾಲದಲ್ಲಿ ನಾಯಿ, ಬೆಕ್ಕು, ಇಲಿ, ಚರ್ಮದ ಬೂಟು ಎಲ್ಲವನ್ನೂ ತಿಂದರು. ಕೊನೆಗೆ ಸತ್ತವರನ್ನೂ. 2012ರಲ್ಲಿ ಉತ್ಖನನದಲ್ಲಿ ಸಿಕ್ಕ ಸುಮಾರು 14 ವರ್ಷದ ಹುಡುಗಿಯ ತಲೆಬುರುಡೆಯ ಮೇಲಿನ ಕತ್ತಿಯ ಗುರುತುಗಳು ಅದನ್ನು ಖಚಿತಪಡಿಸಿದವು. ಕೋಟೆಯೊಳಗಿದ್ದ ನೂರಾರು ಜನರಲ್ಲಿ 1610ರ ಮೇ ಹೊತ್ತಿಗೆ ಉಳಿದವರು ಸುಮಾರು 60.

ಮುಂದೆ ಊರನ್ನು ಉಳಿಸಿದ್ದು ಚಿನ್ನವಲ್ಲ, ಹೊಗೆಸೊಪ್ಪು. ಅದರ ತೋಟಕ್ಕಾಗಿ ಜಮೀನು, ಜಮೀನಿಗಾಗಿ ಯುದ್ಧ. 1622ರ ಮಾರ್ಚ್ 22ರಂದು ಸ್ಥಳೀಯರು ಏಕಕಾಲಕ್ಕೆ ದಾಳಿ ಮಾಡಿ 347 ಇಂಗ್ಲಿಷರನ್ನು ಕೊಂದರು. ಮುಂದಾಳು ಒಪೆಚಂಕನೊ, ಜುಟ್ಟು ಹಿಡಿಸಿಕೊಂಡ ಅದೇ ನಾಯಕ.

ಪೋಕಹಾಂಟಸ್ ಜಾನ್ ರೋಲ್ಫ್ ಎಂಬ ತೋಟಗಾರನನ್ನು ಮದುವೆಯಾಗಿ 1616ರಲ್ಲಿ ಲಂಡನ್‌ಗೆ ಬಂದಳು. ಬ್ರೆಂಟ್‌ಫರ್ಡ್‌ನಲ್ಲಿ ಸ್ಮಿತ್ ಅವಳನ್ನು ನೋಡಲು ಹೋದ. ಅವಳು ಮೊದಲು ಮುಖ ತಿರುಗಿಸಿ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, ನೀನು ಸತ್ತೆ ಎಂದು ನಮಗೆ ಹೇಳುತ್ತಿದ್ದರು ಎಂದಳು. ನಮ್ಮ ನಾಡಿನಲ್ಲಿ ನನ್ನ ಅಪ್ಪನನ್ನು ನೀನು ಅಪ್ಪ ಎಂದು ಕರೆಯುತ್ತಿದ್ದೆ, ಈಗ ನಾನು ನಿನ್ನನ್ನು ಹಾಗೆ ಕರೆಯಲು ಯಾಕೆ ಹೆದರುತ್ತೀಯ ಎಂದೂ ಕೇಳಿದಳು. ಇದನ್ನು ಬರೆದಿಟ್ಟವನು ಸ್ಮಿತ್‌ನೇ. ತನಗೆ ಶೋಭೆ ತರದ ಮಾತನ್ನೂ ಅವನು ಬಿಡಲಿಲ್ಲ. 1617ರ ಮಾರ್ಚ್‌ನಲ್ಲಿ ಊರಿಗೆ ಹೊರಟ ಅವಳು ಗ್ರೇವ್ಸೆಂಡ್‌ನಲ್ಲಿ ತೀರಿಕೊಂಡಳು.

ಸ್ಮಿತ್ 1614ರಲ್ಲಿ ಉತ್ತರದ ಕರಾವಳಿ ಸುತ್ತಿ ನ್ಯೂ ಇಂಗ್ಲೆಂಡ್ ಎಂಬ ಹೆಸರು ಜನಪ್ರಿಯ ಮಾಡಿದ. ಆ ನಕ್ಷೆಯನ್ನೂ ಅಚ್ಚು ಹಾಕಿಸಿದ. 1620ರಲ್ಲಿ ಆ ಕಡೆ ಪ್ಲಿಮತ್ ಎಂಬ ನೆಲೆ ಕಟ್ಟಿದವರು ಅವನನ್ನು ಕರೆದೊಯ್ಯಲಿಲ್ಲ. ನನಗಿಂತ ನನ್ನ ಪುಸ್ತಕ, ನಕ್ಷೆಗಳೇ ಅವರಿಗೆ ಅಗ್ಗವಾದವು ಎಂದು ನೊಂದು ಬರೆದ. 1631ರ ಜೂನ್ 21ರಂದು ಲಂಡನ್‌ನಲ್ಲಿ ತೀರಿಕೊಂಡ. ಮದುವೆಯಾಗಿರಲಿಲ್ಲ.

ಅವನ 1612ರ ನಕ್ಷೆ ಮಾತ್ರ ಇನ್ನೂ ಕೆಲಸ ಮಾಡುತ್ತಿದೆ. ವೆರೊವೊಕೊಮೊಕೊ ಎಲ್ಲಿತ್ತು ಎಂಬುದನ್ನು ಪುರಾತತ್ವದವರು ಈ ಶತಮಾನದ ಆರಂಭದಲ್ಲಿ ಗುರುತಿಸಿದಾಗ ಅದು ನೆರವಾಯಿತು. 1608ರ ಆಗಸ್ಟ್‌ನಲ್ಲಿ ಸ್ಮಿತ್‌ನ ದೋಣಿಯ ಮೇಲೆ ರ‍್ಯಾಪಹ್ಯಾನಕ್ ಜನ ಮೈಗೆ ಸೊಪ್ಪಿನ ಕೊಂಬೆ ಕಟ್ಟಿಕೊಂಡು, ಪೊದೆಯಂತೆ ನಿಂತು ಬಾಣ ಬಿಟ್ಟಿದ್ದರು. ಆ ನದಿಯ ಎತ್ತರದ ದಡದಲ್ಲಿ ಅವರ ಮೂರು ಊರುಗಳನ್ನು ನಕ್ಷೆ ತೋರಿಸುತ್ತದೆ. ಈಗ ಆ ಜಾಗಕ್ಕೆ ಫೋನ್ಸ್ ಕ್ಲಿಫ್ಸ್ ಎಂದು ಹೆಸರು. 2022ರ ಏಪ್ರಿಲ್‌ನಲ್ಲಿ ಅಲ್ಲಿನ 465 ಎಕರೆ ಮತ್ತೆ ರ‍್ಯಾಪಹ್ಯಾನಕ್ ಬುಡಕಟ್ಟಿನ ಕೈಗೆ ಬಂತು.